ಮೊದಲ ಎಚ್ಚರಿಕೆ ಮೆತ್ತಗಿರಲಿ

ವಿಕಿಪೀಡಿಯ ಶುರುವಾದ ಮೊದಮೊದಲ ವರ್ಷಗಳಲ್ಲಿ ಯಾರಾದರೂ ಲೇಖನವೊಂದರ ನಡುವೆ ಸುಮ್ಮನೆ ‘ಹಾಯ್’ ಎಂದೋ ತಮ್ಮ ಹೆಸರನ್ನೋ ಬರೆದು ಉಳಿಸಿದರೆ, ಅವರಿಗೆ ಸಂದೇಶ ಬರೆಯಲೆಂದಿರುವ ಚರ್ಚೆಪುಟಕ್ಕೆ ಒಂದು ಸಿದ್ಧ ಸಂದೇಶ ಹೋಗುತ್ತಿತ್ತು. ಇಂಗ್ಲಿಷಿನಲ್ಲಿದ್ದ ಅದರ ಸಾರ ಇಷ್ಟು: ಪ್ರಯೋಗ ಮಾಡಿ ನೋಡಿದ್ದಕ್ಕೆ ಧನ್ಯವಾದ, ನಿಮ್ಮ ಪ್ರಯೋಗ ಫಲಿಸಿದೆ, ಈಗ ಅದನ್ನು ತೆಗೆದಿದ್ದೇವೆ, ಇನ್ನೂ ಮಾಡಿ ನೋಡುವುದಿದ್ದರೆ ಅದಕ್ಕೆಂದೇ ಪ್ರಯೋಗಪುಟವಿದೆ.

ಲೇಖನ ಕೆಡಿಸಿದವರಿಗೆ ಧನ್ಯವಾದವೇ ಎಂದು ಯಾರಿಗಾದರೂ ಅನ್ನಿಸಬಹುದು. ಆದರೆ ಆ ಸಂದೇಶ ಬರೆದವರಿಗೆ ಮನುಷ್ಯರ ಸ್ವಭಾವ ಚೆನ್ನಾಗಿ ಗೊತ್ತಿತ್ತು. ಯಾರು ಬೇಕಾದರೂ ತಿದ್ದಬಹುದು ಎಂದು ಬರೆದಿರುವ ಪುಟವನ್ನು ಮೊದಲ ಸಲ ಕಂಡವರು ಅದನ್ನು ನಂಬುವುದಿಲ್ಲ. ಒಂದಕ್ಷರ ಒತ್ತಿ ನೋಡುತ್ತಾರೆ. ಅದು ನಿಜಕ್ಕೂ ಜಗತ್ತಿಗೆಲ್ಲ ಕಾಣುವಂತೆ ಉಳಿದುಬಿಟ್ಟಾಗ ಅವರಿಗೇ ಗಾಬರಿಯಾಗುತ್ತದೆ. ಆ ಕ್ಷಣದಲ್ಲಿ ಅವರಿಗೆ ಸಿಗುವ ಮೊದಲ ಮಾತು ಗದರಿಕೆಯಾದರೆ ಪುಟ ಮುಚ್ಚಿ ಹೊರಟುಬಿಡುತ್ತಾರೆ. ಸರಿಯಾದ ಜಾಗವನ್ನು ತೋರಿಸುವ ಮಾತಾದರೆ ಅವರಲ್ಲಿ ಕೆಲವರಾದರೂ ಉಳಿದುಕೊಳ್ಳುತ್ತಾರೆ, ಮುಂದೆ ಬರೆಯುತ್ತಾರೆ. ನೂರಾರು ಭಾಷೆಗಳ ವಿಕಿಪೀಡಿಯಗಳು ಬೆಳೆದದ್ದು ಹೀಗೆ ಉಳಿದುಕೊಂಡವರಿಂದ.

ಇಂಥ ಸಂದೇಶಗಳನ್ನು ಬೇರೆಬೇರೆಯವರು ಬೇರೆಬೇರೆ ಕಾಲದಲ್ಲಿ ಬರೆದಿದ್ದರು. ಒಂದರ ಧಾಟಿ ಇನ್ನೊಂದಕ್ಕೆ ಹೊಂದುತ್ತಿರಲಿಲ್ಲ. 2007ರ ಹೊತ್ತಿಗೆ ಇಂಗ್ಲಿಷ್ ವಿಕಿಪೀಡಿಯದ ಸ್ವಯಂಸೇವಕರು ಅವನ್ನೆಲ್ಲ ನಾಲ್ಕು ಹಂತಗಳಿಗೆ ಒಗ್ಗಿಸಿದರು. ಮೊದಲ ಹಂತದಲ್ಲಿ ಎದುರಿನವರ ಉದ್ದೇಶ ಒಳ್ಳೆಯದೆಂದೇ ಎಣಿಸಬೇಕು. ಎರಡನೆಯದರಲ್ಲಿ ಉದ್ದೇಶದ ಮಾತೇ ಬೇಡ, ಆದದ್ದನ್ನು ಹೇಳಿದರೆ ಸಾಕು. ಮೂರನೆಯದು ‘ನಿಲ್ಲಿಸಿ’ ಎನ್ನುತ್ತದೆ. ನಾಲ್ಕನೆಯದು ಕೊನೆಯ ಎಚ್ಚರಿಕೆ. ಅದಾದ ಮೇಲೆ ನಿರ್ವಾಹಕರಿಗೆ ದೂರು. ಚಿತ್ರಗಳೂ ಹಂತಕ್ಕೆ ತಕ್ಕಂತೆ ಬದಲಾಗುತ್ತವೆ: ನೀಲಿ ಬಣ್ಣದ ಮಾಹಿತಿ ಚಿಹ್ನೆ, ಕಿತ್ತಳೆ ಬಣ್ಣದ ಚಿಹ್ನೆ, ಆಶ್ಚರ್ಯಸೂಚಕವಿರುವ ತ್ರಿಕೋನ, ಕೊನೆಗೆ ಕೈ ಅಡ್ಡ ಹಿಡಿದ ಕೆಂಪು ಫಲಕ. ಆಮೇಲೂ ಮುಂದುವರಿದವರ ಮೇಲೆ ಮೊದಲ ಸಲ ಹಾಕುವ, ತಿದ್ದಲು ಬಿಡದ ತಡೆ ಸಾಮಾನ್ಯವಾಗಿ 24 ಗಂಟೆ ಅಥವಾ 31 ಗಂಟೆ. ಮೂವತ್ತೊಂದೇ ಏಕೆಂದರೆ ಮರುದಿನ ಶಾಲೆಯ ಅದೇ ಪೀರಿಯಡ್ಡಿಗೆ ಬಂದು ಕೂತರೂ ತಡೆ ಇನ್ನೂ ತೆರವಾಗಿರುವುದಿಲ್ಲ. ತಡೆ ಎನ್ನುವುದು ಶಿಕ್ಷೆಯಲ್ಲ, ಮುಂದಿನ ಹಾನಿ ತಪ್ಪಿಸುವ ಉಪಾಯ ಎಂದು ಅಲ್ಲಿಯ ನೀತಿಯಲ್ಲೇ ಬರೆದಿದೆ.

ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಏರುವ ಕ್ರಮವನ್ನು ಅಂತರ್ಜಾಲದವರು ಹೊಸದಾಗಿ ಕಂಡುಹಿಡಿಯಲಿಲ್ಲ. ಕಾಡು, ಹುಲ್ಲುಗಾವಲು, ಕಾಲುವೆ, ಮೀನುಗಾರಿಕೆ ಇವನ್ನೆಲ್ಲ ಜನ ತಾವೇ ಸೇರಿ ಶತಮಾನಗಳ ಕಾಲ ಹೇಗೆ ಉಳಿಸಿಕೊಂಡರು ಎಂದು ಅಧ್ಯಯನ ಮಾಡಿದ ಎಲಿನಾರ್ ಆಸ್ಟ್ರಮ್ 1990ರ ತಮ್ಮ ಪುಸ್ತಕದಲ್ಲಿ ಬಾಳಿಕೆ ಬಂದ ವ್ಯವಸ್ಥೆಗಳ ಲಕ್ಷಣಗಳನ್ನು ಹೇಳುತ್ತಾರೆ. ಹಂತಹಂತವಾಗಿ ಏರುವ ದಂಡನೆ ಅವುಗಳಲ್ಲಿ ಒಂದು. 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಮೊದಲ ಮಹಿಳೆ ಆಕೆ. ಸ್ಪೇನಿನ ವೆಲೆನ್ಸಿಯಾದಲ್ಲಿ ಕಾಲುವೆ ನೀರಿನ ವ್ಯಾಜ್ಯ ತೀರಿಸುವ ರೈತರ ನ್ಯಾಯಮಂಡಳಿ ಇಂದಿಗೂ ಗುರುವಾರ ಮಧ್ಯಾಹ್ನ ಅಲ್ಲಿಯ ಕ್ಯಾಥೆಡ್ರಲ್ ಬಾಗಿಲಲ್ಲಿ ಸೇರುತ್ತದೆ. ಆ ಸೀಮೆಯ ಹಳೆಯ ದಾಖಲೆಗಳ ಮೇಲಿನ ಅಧ್ಯಯನಗಳನ್ನು ನೋಡಿದ ಆಸ್ಟ್ರಮ್‌ಗೆ ಕಂಡದ್ದು, ಕದ್ದ ನೀರಿನಿಂದ ಆಗುತ್ತಿದ್ದ ಲಾಭಕ್ಕೆ ಹೋಲಿಸಿದರೆ ದಂಡ ತೀರ ಚಿಕ್ಕದಿತ್ತು ಎಂಬುದು. ಪೈರು ಒಣಗುತ್ತಿರುವಾಗ ಸರದಿ ತಪ್ಪಿಸಿ ಮಡೆ ತೆರೆದ ರೈತ ಕಳ್ಳನೇ ಆಗಿರಬೇಕೆಂದಿಲ್ಲ. ನಾಳೆಯೂ ಆತ ಅದೇ ಕಾಲುವೆಯ ಪಾಲುದಾರ. ನೀರಗಂಟಿ ನೋಡುತ್ತಿದ್ದಾನೆ ಎಂಬುದು ಆತನಿಗೂ ಅಕ್ಕಪಕ್ಕದವರಿಗೂ ತಿಳಿದರೆ ಮೊದಲ ಸಲಕ್ಕೆ ಅಷ್ಟು ಸಾಕು. ಭಾರೀ ದಂಡ ಹಾಕಿದರೆ ಆತ ಹಗೆಯಾಗಿ ಹೋಗುತ್ತಾನೆ, ಕಾಲುವೆಯ ಹೂಳೆತ್ತಲು ಒಬ್ಬ ಆಳು ಕಡಿಮೆಯಾಗುತ್ತಾನೆ.

ಇಂಗ್ಲಿಷ್ ವಿಕಿಪೀಡಿಯದಲ್ಲಿ ಆಗಿಹೋದದ್ದೂ ಸರಿಸುಮಾರು ಇದೇ. 2007ರಲ್ಲಿ ಅಲ್ಲಿ ತಿಂಗಳಿಗೆ ಐದು ಅಥವಾ ಹೆಚ್ಚು ತಿದ್ದುಪಡಿ ಮಾಡುವವರ ಸಂಖ್ಯೆ 50,000 ದಾಟಿತ್ತು. ಮುಂದಿನ ಆರು ವರ್ಷಗಳಲ್ಲಿ ಅದು ಮೂರನೇ ಒಂದು ಭಾಗಕ್ಕಿಂತಲೂ ಹೆಚ್ಚು ಕುಸಿಯಿತು. ಜನಪ್ರಿಯತೆ ಏರಿದಂತೆ ಕಿಡಿಗೇಡಿಗಳು ಹೆಚ್ಚಿದ್ದರು. ಅವರನ್ನು ತಡೆಯಲು ‘ಹಗಲ್’, ‘ಟ್ವಿಂಕಲ್’ ಮುಂತಾದ ಸಲಕರಣೆಗಳು ಬಂದಿದ್ದವು. 2010ರಲ್ಲಿ ‘ಕ್ಲೂಬಾಟ್ ಎನ್‌ಜಿ’ ಎಂಬ ಬಾಟ್, ಅಂದರೆ ತಾನಾಗಿ ತಿದ್ದುವ ತಂತ್ರಾಂಶ, ಬಂತು. ಸಲಕರಣೆಯ ಒಂದು ಗುಂಡಿ ಒತ್ತಿದರೆ, ಬಾಟ್ ಆದರೆ ಅದೂ ಇಲ್ಲದೆ, ತಿದ್ದುಪಡಿ ರದ್ದು, ಜೊತೆಗೇ ಎಚ್ಚರಿಕೆಯೂ ರವಾನೆ. ಪುಟಗಳು ಶುಚಿಯಾದವು. ಆದರೆ ಆರನ್ ಹಾಫೇಕರ್ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಅಧ್ಯಯನ ಬೇರೊಂದು ಸಂಗತಿಯನ್ನು ಬಯಲಿಗೆ ತಂದಿತು. ಬರುತ್ತಿದ್ದ ಹೊಸಬರ ಗುಣಮಟ್ಟ ಕುಸಿದಿರಲಿಲ್ಲ. ಒಳ್ಳೆಯ ಮನಸ್ಸಿನಿಂದ ಬಂದವರ ಕೆಲಸವೂ ಮೊದಲಿಗಿಂತ ಹೆಚ್ಚಾಗಿ ರದ್ದಾಗುತ್ತಿತ್ತು, ಹೀಗೆ ರದ್ದಾದವರು ಹಿಂತಿರುಗುತ್ತಿರಲಿಲ್ಲ. ಹೊಸಬರಿಗೆ ಸಿಗುತ್ತಿದ್ದ ಮೊದಲ ಮಾತು ಮನುಷ್ಯರದಾಗಿರದೆ ಯಂತ್ರ ಅಂಟಿಸಿದ ಚೀಟಿಯಾಗುತ್ತಿತ್ತು.

ಇದಕ್ಕೆ ಪರಿಹಾರ ಎಷ್ಟು ಸಣ್ಣದು ಎಂಬುದು ನನ್ನನ್ನು ಬಹುವಾಗಿ ಸೆಳೆದ ವಿಷಯ. ವಿಕಿಪೀಡಿಯವನ್ನು ನಡೆಸುವ ವಿಕಿಮೀಡಿಯ ಫೌಂಡೇಷನ್ನಿನಲ್ಲಿದ್ದ ರಯಾನ್ ಫಾಕ್ನರ್, ಸ್ಟೀವನ್ ವಾಲಿಂಗ್ ಮತ್ತು ಮರ್ಯಾನಾ ಪಿಂಚುಕ್ ‘ಹಗಲ್’ ಕಳಿಸುವ ಮೊದಲ ಹಂತದ ಎಚ್ಚರಿಕೆಯ ಮಾತುಗಳನ್ನು ಬದಲಿಸಿ ನೋಡಿದರು. ಕೆಲವರಿಗೆ ಹಳೆಯ ಸಂದೇಶ, ಕೆಲವರಿಗೆ ಹೊಸದು, ಯಾರಿಗೆ ಯಾವುದೆಂಬುದು ಯಾದೃಚ್ಛಿಕ. 2012ರಲ್ಲಿ ಅವರು ಪ್ರಕಟಿಸಿದ ಫಲಿತಾಂಶ: ಮೊದಲ ಸಂದೇಶದ ಪದಗಳನ್ನು ಬದಲಿಸುವಂಥ ಅಗ್ಗದ ಉಪಾಯದಿಂದಲೇ ಹೊಸಬರ ಭಾಗವಹಿಕೆಯಲ್ಲಿ ಗಣನೀಯ ಏರಿಕೆ ಸಾಧ್ಯ. ಇಂದು ಅಲ್ಲಿಯ ಮೊದಲ ಹಂತದ ಬಹುಪಾಲು ಎಚ್ಚರಿಕೆಗಳು ನಮಸ್ಕಾರದಿಂದ ಮೊದಲಾಗುತ್ತವೆ. ಬರೆದವರು ತಮ್ಮ ಹೆಸರು ಹೇಳುತ್ತಾರೆ, ಏನು ತೆಗೆದೆವೆಂದು ತಿಳಿಸುತ್ತಾರೆ, ತಾವೇ ತಪ್ಪಿದ್ದರೆ ತಮ್ಮ ಚರ್ಚೆಪುಟಕ್ಕೆ ಬಂದು ಹೇಳಿ ಎನ್ನುತ್ತಾರೆ.

ನನಗೆ ಇದರಲ್ಲಿ ಮುಖ್ಯವಾಗಿ ಕಾಣುವುದು ‘ನಾನು’. ತೆಗೆದದ್ದು ಯಾರೋ ಅಲ್ಲ, ನಾನು. ಕೇಳುವುದಿದ್ದರೆ ನನ್ನನ್ನು ಕೇಳಿ. ಕನ್ನಡದಲ್ಲಿ ನಾವು ಎಡವುವುದು ಸರಿಯಾಗಿ ಇಲ್ಲೇ.

ಕನ್ನಡದಲ್ಲಿ ಎಚ್ಚರಿಕೆ ಬರೆಯಲು ಕೂತವರ ಕೈಗೆ ತಾನಾಗಿ ಬರುವುದು ಕಚೇರಿಯ ಭಾಷೆ. ‘ತಮ್ಮ ಸಂಪಾದನೆಯನ್ನು ರದ್ದುಪಡಿಸಲಾಗಿದೆ’, ‘ಈ ಮೂಲಕ ಸೂಚಿಸಲಾಗಿದೆ’, ‘ತಪ್ಪಿದಲ್ಲಿ ಸೂಕ್ತ ಕ್ರಮ ಜರುಗಿಸಲಾಗುವುದು’. ಕಾರಣ ಕೇಳಿ ನೋಟಿಸು, ಕಂದಾಯ ಬಾಕಿಯ ತಿಳಿವಳಿಕೆ ಪತ್ರ, ಬ್ಯಾಂಕಿನ ಹರಾಜು ಪ್ರಕಟಣೆ ಇವನ್ನು ಓದಿ ಓದಿ ನಮ್ಮಲ್ಲಿ ಎಚ್ಚರಿಕೆ ಎಂದರೆ ಹೀಗೇ ಇರಬೇಕೆಂಬ ಭಾವನೆ ಬೇರೂರಿದೆ. ಆ ವಾಕ್ಯಗಳಲ್ಲಿ ಮಾಡಿದವರು ಯಾರೆಂದು ಗೊತ್ತಾಗುವುದಿಲ್ಲ, ಏನು ಮಾಡಿದರೆ ಸರಿಹೋಗುತ್ತದೆಂದೂ ತಿಳಿಯುವುದಿಲ್ಲ. ಓದಿದವರಿಗೆ ಉಳಿಯುವುದು ಭಯ ಅಥವಾ ಸಿಟ್ಟು. ಅದನ್ನು ತಗ್ಗಿಸಲೆಂದು ಮುಂದೆ ಒಂದು ‘ದಯವಿಟ್ಟು’ ಸೇರಿಸುತ್ತೇವೆ. ಗೋಡೆಯ ಮೇಲಿನ ‘ದಯವಿಟ್ಟು ಉಗುಳಬೇಡಿ’ಯಲ್ಲಿ ಎಷ್ಟು ದಯೆ ಇದೆಯೋ ಅಷ್ಟೇ ಅದರಲ್ಲೂ ಇರುತ್ತದೆ. ಮರ್ಯಾದೆ ಇಡೀ ವಾಕ್ಯದ ರಚನೆಯಲ್ಲಿರಬೇಕಾದದ್ದು. ಒಂದು ಪದ ಅಂಟಿಸಿದರೆ ಬಾರದು.

ಕನ್ನಡದವರು ಇನ್ನೊಬ್ಬರನ್ನು ತಿದ್ದುವಾಗ ಬಳಸುವ ಮಾತುಗಳಿಗೆ ಬರವಿಲ್ಲ. ‘ಹೀಗೆ ಮಾಡಿ ನೋಡಿ’, ‘ಇದು ನಿಮ್ಮ ಗಮನಕ್ಕೆ ಬಂದಿರಲಿಕ್ಕಿಲ್ಲ’, ‘ನಾನು ತಪ್ಪು ತಿಳಿದಿದ್ದರೆ ಹೇಳಿ’, ‘ಅದೊಂದು ಇಲ್ಲಿ ಹೊಂದುವುದಿಲ್ಲ’. ಅಂಗಡಿಯಲ್ಲಿ, ಬಸ್ಸಿನಲ್ಲಿ, ಮದುವೆ ಮನೆಯಲ್ಲಿ ಅಪರಿಚಿತರ ಜೊತೆ ನಾವು ದಿನವೂ ಆಡುವ ಮಾತುಗಳಿವು. ಬರೆಯಲು ಕೂತಾಗ ಮಾತ್ರ ಮರೆತುಹೋಗುತ್ತವೆ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಹೊಸ ಸದಸ್ಯರೊಬ್ಬರು ತಮ್ಮ ಊರಿನ ಲೇಖನಕ್ಕೆ ಅಲ್ಲಿಯ ಕೆರೆಯ ಇತಿಹಾಸವನ್ನು ಸೇರಿಸಿದ್ದಾರೆ. ನೋಡಿದರೆ ಅದು ಪತ್ರಿಕೆಯೊಂದರ ವರದಿಯ ಯಥಾಪ್ರತಿ. ಹೊಸಬರಿಂದ ತೀರ ಸಹಜವಾಗಿ ಆಗುವ ತಪ್ಪು ಇದು. ಊರಿನ ಮೇಲಿನ ಪ್ರೀತಿಯಿಂದಲೇ ಆಗುವಂಥದ್ದು. ಮೊದಲ ಸಂದೇಶವನ್ನು ನಾನು ಹೀಗೆ ಬರೆಯುತ್ತೇನೆ:

‘ನಮಸ್ಕಾರ. ನಿಮ್ಮೂರಿನ ಪುಟಕ್ಕೆ ನಿನ್ನೆ ನೀವು ಸೇರಿಸಿದ ಕೆರೆಯ ಇತಿಹಾಸ ಓದಿದೆ. ಅದು ಪತ್ರಿಕೆಯ ವರದಿಯಿಂದ ಅಕ್ಷರಶಃ ಬಂದಂತೆ ಕಂಡಿತು. ಬೇರೆಯವರ ಬರಹವನ್ನು ಹಾಗೆಯೇ ಇಲ್ಲಿ ಹಾಕಲು ಕೃತಿಸ್ವಾಮ್ಯದ ಅಡ್ಡಿ ಇರುವುದರಿಂದ ಸದ್ಯಕ್ಕೆ ತೆಗೆದಿದ್ದೇನೆ. ಅದೇ ವಿಷಯವನ್ನು ನಿಮ್ಮದೇ ಮಾತಿನಲ್ಲಿ ಬರೆದು, ಯಾವ ಪತ್ರಿಕೆ, ಯಾವ ತಾರೀಖು ಎಂದು ಕೆಳಗೆ ಕೊಟ್ಟರೆ ಧಾರಾಳವಾಗಿ ಉಳಿಯುತ್ತದೆ. ನನ್ನ ಎಣಿಕೆ ತಪ್ಪಿದ್ದರೆ ಅಥವಾ ಏನಾದರೂ ಕೇಳುವುದಿದ್ದರೆ ನನ್ನ ಚರ್ಚೆಪುಟದಲ್ಲಿ ಬರೆಯಿರಿ.’

ಎರಡು ದಿನ ಬಿಟ್ಟು ಅದೇ ಪ್ಯಾರಾ ಮತ್ತೆ ಬಂತು ಎನ್ನಿ:

‘ನಮಸ್ಕಾರ. ಕೆರೆಯ ಬಗೆಗಿನ ಅದೇ ಭಾಗ ಇವತ್ತು ಮತ್ತೆ ಸೇರಿದೆ. ಸೋಮವಾರ ನಾನು ಬರೆದದ್ದನ್ನು ನೀವು ನೋಡಿರಲಿಕ್ಕಿಲ್ಲ, ಅದು ಈ ಪುಟದಲ್ಲೇ ಮೇಲಿದೆ. ವರದಿಯ ವಾಕ್ಯಗಳನ್ನು ಹಾಗೆಯೇ ಹಾಕಿದರೆ ಉಳಿಸಿಕೊಳ್ಳಲು ಬರುವುದಿಲ್ಲ. ನಿಮ್ಮ ಮಾತಿನಲ್ಲಿ ಬರೆದು ನೋಡಲು ಪ್ರಯೋಗಪುಟ ಬಳಸಬಹುದು.’

ಮೂರನೆಯದರಲ್ಲಿ ನಮಸ್ಕಾರ ಬಿಟ್ಟರೂ ನಡೆಯುತ್ತದೆ:

‘ಸೋಮವಾರ ಮತ್ತು ಬುಧವಾರ ತಿಳಿಸಿದ ಮೇಲೂ ಪತ್ರಿಕೆಯ ಬರಹ ಮೂರನೆಯ ಸಲ ಸೇರಿದೆ. ಇದನ್ನು ನಿಲ್ಲಿಸಿ. ಮುಂದುವರಿಸಿದರೆ ನಿರ್ವಾಹಕರು ನಿಮ್ಮ ಖಾತೆಯಿಂದ ತಿದ್ದುವುದನ್ನು ತಡೆಯಬಹುದು. ತೊಡಕು ಏನೆಂದು ಹೇಳಿದರೆ ಸಹಾಯ ಮಾಡುತ್ತೇನೆ.’

ಕೊನೆಯದು ಚಿಕ್ಕದಿರಬೇಕು:

‘ಇದು ಕೊನೆಯ ಎಚ್ಚರಿಕೆ. ಇನ್ನೊಮ್ಮೆ ಬೇರೆಯವರ ಬರಹವನ್ನು ಹಾಗೆಯೇ ಸೇರಿಸಿದರೆ ನಿಮ್ಮ ಖಾತೆಯನ್ನು ತಡೆಯುವಂತೆ ನಿರ್ವಾಹಕರನ್ನು ಕೋರುತ್ತೇನೆ.’

ಈ ನಾಲ್ಕರಲ್ಲಿ ಬದಲಾಗುವುದು ಬಿಗಿ ಮಾತ್ರ. ಮೊದಲನೆಯದರಲ್ಲಿ ವಿವರಣೆ ಹೆಚ್ಚು, ಕೊನೆಯದರಲ್ಲಿ ಪರಿಣಾಮ ಸ್ಪಷ್ಟ. ನಾಲ್ಕೂ ಕಡೆ ‘ನೀವು’ ‘ನೀವು’ ಆಗಿಯೇ ಉಳಿಯುತ್ತದೆ, ಮಾತು ಆದ ಕೆಲಸದ ಸುತ್ತಲೇ ಇರುತ್ತದೆ. ‘ನೀವು ಕಳ್ಳತನ ಮಾಡುತ್ತಿದ್ದೀರಿ’, ‘ನಿಮಗೆ ಓದಲು ಬರುವುದಿಲ್ಲವೇ’ ಎಂಬ ಮಾತಿಗೆ ನಾಲ್ಕನೆಯ ಹಂತದಲ್ಲೂ ಎಡೆಯಿಲ್ಲ. ಅಲ್ಲದೆ, ಮಾಡಲಾಗದ್ದನ್ನು ಮಾಡುತ್ತೇವೆಂದು ಹೆದರಿಸಬಾರದು. ತಡೆ ಹಾಕುವ ಅಧಿಕಾರ ತನಗಿಲ್ಲದಿದ್ದರೆ ‘ನಿರ್ವಾಹಕರನ್ನು ಕೋರುತ್ತೇನೆ’ ಎನ್ನುವುದೇ ಪ್ರಾಮಾಣಿಕ. ಬಾಯಲ್ಲಿ ಬೆದರಿಕೆ, ಕೈಯಲ್ಲಿ ಏನೂ ಇಲ್ಲ ಎಂಬುದು ಒಮ್ಮೆ ಗೊತ್ತಾದರೆ ಮುಂದಿನ ಯಾವ ಎಚ್ಚರಿಕೆಗೂ ಕಿಮ್ಮತ್ತು ಉಳಿಯುವುದಿಲ್ಲ.

ಹಂತಗಳ ನಡುವೆ ಬಿಡುವು ಬೇಕು. ಹತ್ತು ನಿಮಿಷದಲ್ಲಿ ನಾಲ್ಕು ಎಚ್ಚರಿಕೆ ಕಳಿಸಿ ‘ಎಲ್ಲ ಹಂತ ಮುಗಿಯಿತು’ ಎಂದು ದೂರು ಕೊಡುವುದನ್ನು ನಾನು ನ್ಯಾಯ ಎನ್ನಲಾರೆ. ಆ ಹತ್ತು ನಿಮಿಷ ಎದುರಿನವರು ತಮ್ಮ ಪ್ಯಾರಾ ಏಕೆ ಮಾಯವಾಗುತ್ತಿದೆ ಎಂದು ಕಂಗಾಲಾಗಿ ಮತ್ತೆಮತ್ತೆ ಉಳಿಸುತ್ತಿರಬಹುದು. ಚರ್ಚೆಪುಟ ಎಂಬುದೊಂದಿದೆ ಎಂದೇ ಅವರಿಗೆ ಗೊತ್ತಿರಲಿಕ್ಕಿಲ್ಲ. ಮೊಬೈಲಿನಲ್ಲಿ ಖಾತೆ ಇಲ್ಲದೆ ತಿದ್ದುತ್ತಿದ್ದ ಎಷ್ಟೋ ಜನರಿಗೆ ತಮಗೆ ಸಂದೇಶ ಬಂದಿದೆ ಎಂಬುದೇ ಕಾಣುತ್ತಿರಲಿಲ್ಲ. ಇದು ತಂತ್ರಾಂಶದ ಕೊರತೆ ಎಂದು ವಿಕಿಪೀಡಿಯದವರೇ ವರ್ಷಗಟ್ಟಲೆ ತಕರಾರು ತೆಗೆದಿದ್ದಾರೆ. ಕಾಣದ ಎಚ್ಚರಿಕೆಗೆ ಮಣಿಯಲಿಲ್ಲವೆಂದು ಒಬ್ಬರನ್ನು ಹೊರಹಾಕುವುದು ಎಷ್ಟು ಸರಿ? ಕಾಲೇಜಿನ ಲ್ಯಾಬಿನ ಕಂಪ್ಯೂಟರುಗಳು ಒಂದೇ ಐಪಿ ವಿಳಾಸದಲ್ಲಿದ್ದಾಗ ಬೆಳಗಿನ ತರಗತಿಯ ಹುಡುಗ ಮಾಡಿದ್ದಕ್ಕೆ ಮಧ್ಯಾಹ್ನದ ಹುಡುಗಿ ಬೈಸಿಕೊಂಡದ್ದೂ ಇದೆ.

ಈ ತೊಡಕಿಗೆ ಓಪನ್‌ಸ್ಟ್ರೀಟ್‌ಮ್ಯಾಪ್ ಕಂಡುಕೊಂಡ ದಾರಿ ಬಹಳ ಚೆನ್ನಾಗಿದೆ. 2004ರಲ್ಲಿ ಶುರುವಾದ, ಜನರೇ ಸೇರಿ ಬಿಡಿಸುವ ಈ ಜಗತ್ತಿನ ನಕಾಶೆಯಲ್ಲಿ ರಸ್ತೆಯನ್ನು ತಪ್ಪಾಗಿ ಎಳೆದವರಿಗೆ ಮೊದಲು ಇತರರು ಟಿಪ್ಪಣಿ ಬರೆಯುತ್ತಾರೆ. ಉತ್ತರವೇ ಬಾರದಿದ್ದರೆ ‘ಶೂನ್ಯ ಗಂಟೆ’ಯ ತಡೆ ಹಾಕಬಹುದು. ಅದರ ಅವಧಿ ಸೊನ್ನೆ. ಸದಸ್ಯರು ಲಾಗಿನ್ ಆಗಿ ಆ ಸಂದೇಶವನ್ನು ತೆರೆದು ಓದಬೇಕು. ಓದಿದೊಡನೆ ತಡೆ ಹೋಗುತ್ತದೆ, ಕೆಲಸ ಮುಂದುವರಿಸಬಹುದು. ದಂಡನೆಯ ಹೆಸರಿನಲ್ಲಿ ಅವರಿಂದ ಬೇಡುವುದು ಎರಡು ನಿಮಿಷದ ಗಮನವನ್ನು ಮಾತ್ರ. ಎಲ್ಲ ತಾಣಗಳೂ ಇದನ್ನು ಅಳವಡಿಸಿಕೊಳ್ಳಬೇಕೆಂದು ನನಗೆ ಅನ್ನಿಸುತ್ತದೆ.

ಎಚ್ಚರಿಕೆ ಪಡೆದವರ ಮಾನದ ವಿಷಯದಲ್ಲಿ ಇಂಗ್ಲಿಷ್ ವಿಕಿಪೀಡಿಯದ ಒಂದು ನಿಯಮ ಗಮನಕ್ಕೆ ಅರ್ಹವಾದದ್ದು. ತಮ್ಮ ಚರ್ಚೆಪುಟಕ್ಕೆ ಬಂದ ಎಚ್ಚರಿಕೆಯನ್ನು ಸದಸ್ಯರು ಅಳಿಸಿಹಾಕಬಹುದು. ಅಳಿಸಿದರೆ ಓದಿದ್ದಾರೆ ಎಂದು ಅರ್ಥ, ಅಷ್ಟಕ್ಕೇ ಸರಿ. ಪುಟದ ಇತಿಹಾಸದಲ್ಲಿ ದಾಖಲೆ ಹೇಗೂ ಇರುತ್ತದೆ. ಒಮ್ಮೆ ತಪ್ಪಿದವರು ಹಣೆಗೆ ಚೀಟಿ ಅಂಟಿಸಿಕೊಂಡೇ ತಿರುಗಬೇಕೆಂದು ಹಟ ಹಿಡಿಯುವುದಿಲ್ಲ. ಹಾಗೆಯೇ, ಹಲವು ವರ್ಷ ಕೆಲಸ ಮಾಡಿದ ಹಳಬರಿಗೆ ಸಿದ್ಧ ಸಂದೇಶ ಅಂಟಿಸಬಾರದೆಂದು ಅಲ್ಲೊಂದು ಪ್ರಸಿದ್ಧ ಪ್ರಬಂಧವಿದೆ. ನಿಯಮವನ್ನು ಬಲ್ಲವರಿಗೆ ‘ವಿಕಿಪೀಡಿಯಕ್ಕೆ ಸ್ವಾಗತ’ ಎಂದು ಪಾಠ ಹೇಳುವುದು ಅವಮಾನ ಎಂಬುದು ಅದರ ವಾದ. ಹಳಬರಿಗೇನು ವಿನಾಯಿತಿ ಎಂದು ಕೇಳುವ ಪ್ರಬಂಧವೂ ಅದರ ಪಕ್ಕದಲ್ಲೇ ಇದೆ. ನನ್ನ ಒಲವು ಮೊದಲನೆಯದರ ಕಡೆಗೆ: ಹೆಸರು ಬಲ್ಲವರಿಗೆ ಕೈಯಾರೆ ಎರಡು ಸಾಲು ಬರೆಯುವುದೇ ಲೇಸು.

ಎಚ್ಚರಿಕೆಯ ಅಗತ್ಯವನ್ನೇ ಕಡಿಮೆ ಮಾಡುವ ದಾರಿಯೂ ಇದೆ. ರೆಡ್ಡಿಟ್ ತಾಣದ ವಿಜ್ಞಾನ ವಿಭಾಗದಲ್ಲಿ ನೇಥನ್ ಮಟಾಯಸ್ ನಡೆಸಿ 2019ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಚರ್ಚೆಯ ತಲೆಯ ಮೇಲೆ ಅಲ್ಲಿಯ ನಿಯಮಗಳನ್ನು ಎಲ್ಲರಿಗೂ ಕಾಣುವಂತೆ ಹಾಕಲಾಯಿತು. ಹೊಸಬರು ನಿಯಮ ಪಾಲಿಸುವ ಪ್ರಮಾಣ 8 ಶೇಕಡಾ ಅಂಶಗಳಷ್ಟು ಏರಿತು. ಹೊಸಬರ ಭಾಗವಹಿಕೆ ಸರಾಸರಿ ಶೇ 70ರಷ್ಟು ಹೆಚ್ಚಿತು. ನಿಯಮ ಹೇಳಿದರೆ ಜನ ಹೆದರಿ ಓಡುತ್ತಾರೆ ಎಂಬ ಅಂಜಿಕೆ ಇದರಿಂದ ಸುಳ್ಳಾಯಿತು.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಮಾತನ್ನು ಒತ್ತಿ ಹೇಳಬೇಕು. ನಾಲ್ಕು ಮೆಟ್ಟಿಲಿನ ತಾಳ್ಮೆ ಲೇಖನ ಕೆಡಿಸಿದವರಿಗೆ ಸಲ್ಲುತ್ತದೆ. ಮನುಷ್ಯರ ಮೇಲೆ ಎರಗಿದವರಿಗೆ ಸಲ್ಲುವುದಿಲ್ಲ. ಕೊಲ್ಲುತ್ತೇನೆ ಎನ್ನುವವರಿಗೆ, ಇನ್ನೊಬ್ಬರ ಮನೆ ವಿಳಾಸವನ್ನು ಬಯಲಿಗೆಳೆಯುವವರಿಗೆ, ಮಹಿಳೆಯೊಬ್ಬರ ಚರ್ಚೆಪುಟದಲ್ಲಿ ಅಶ್ಲೀಲ ಬರೆಯುವವರಿಗೆ ‘ನಮಸ್ಕಾರ, ಇದು ನಿಮ್ಮ ಗಮನಕ್ಕೆ ಬಂದಿರಲಿಕ್ಕಿಲ್ಲ’ ಎಂದು ಬರೆಯುವುದು ಸೌಜನ್ಯವಾಗದು. ನೊಂದವರಿಗೆ ಅದು ಮಾಡುವ ಅನ್ಯಾಯ. ಅಂಥವರಿಗೆಂದೇ ‘ಏಕೈಕ ಎಚ್ಚರಿಕೆ’ ಎಂಬ ಸಂದೇಶವಿದೆ. ಅದೂ ಇಲ್ಲದೆ ತಡೆ ಹಾಕುವುದೂ ಉಂಟು. ವಿಕಿಮೀಡಿಯದ ಸಾರ್ವತ್ರಿಕ ನಡವಳಿಕೆ ಸಂಹಿತೆಗೆ ಅದರ ಆಡಳಿತ ಮಂಡಳಿ ಒಪ್ಪಿಗೆ ಕೊಟ್ಟ ಸುದ್ದಿ 2021ರ ಫೆಬ್ರುವರಿಯಲ್ಲಿ ಹೊರಬಿತ್ತು. ಅದು ಕನ್ನಡ ವಿಕಿಪೀಡಿಯಕ್ಕೂ ಅನ್ವಯಿಸುತ್ತದೆ.

ಕನ್ನಡ ವಿಕಿಪೀಡಿಯ ಶುರುವಾದದ್ದು 2003ರಲ್ಲಿ. ಸದಸ್ಯರು ಸೇರಿ ಮಾತಾಡುವ ಅಲ್ಲಿಯ ಪುಟದ ಹೆಸರು ಅರಳಿಕಟ್ಟೆ. ಇಂಗ್ಲಿಷಿಗೆ ಹೋಲಿಸಿದರೆ ನಮ್ಮದು ತೀರ ಚಿಕ್ಕ ಬಳಗ. ಅಲ್ಲಿ ಒಬ್ಬರು ಹೋದರೆ ಇನ್ನೊಬ್ಬರು ಬರುತ್ತಾರೆ; ಇಲ್ಲಿ ಹಾಗಿಲ್ಲ. ಕಾಲೇಜುಗಳಲ್ಲಿ ಕಾರ್ಯಾಗಾರ ನಡೆಸಿ, ಯುನಿಕೋಡ್ ಟೈಪಿಂಗ್ ಕಲಿಸಿ ಕರೆತಂದ ವಿದ್ಯಾರ್ಥಿಗಳು ಮೊದಲ ವಾರದಲ್ಲೇ ಬೇಸರಪಟ್ಟು ಹೋದರೆ ಒಂದು ವಿಷಯದ ಲೇಖನಗಳು ಬರುವುದೇ ನಿಂತುಹೋಗಬಹುದು. ಕಾವಲು ಕಾಯುವವರ ಕಷ್ಟವೂ ಸಣ್ಣದಲ್ಲ. ಸಂಬಳವಿಲ್ಲ, ಕೆಲಸ ಮುಗಿಸಿ ಬಂದು ರಾತ್ರಿ ಕೂತು ನೂರು ತಿದ್ದುಪಡಿ ನೋಡುವವರಿಗೆ ನೂರೊಂದನೆಯದರಲ್ಲಿ ಸಹನೆ ಉಳಿದಿರುವುದಿಲ್ಲ. ಸಿದ್ಧ ಸಂದೇಶಗಳು ಬೇಕಾಗುವುದು ಅದಕ್ಕಾಗಿಯೇ. ಮನಸ್ಸು ತಿಳಿಯಾಗಿದ್ದಾಗ ಬರೆದಿಟ್ಟದ್ದು ದಣಿದ ರಾತ್ರಿಯಲ್ಲಿ ಕೈಗೆ ಸಿಗುತ್ತದೆ.

ಆದ್ದರಿಂದ ಕನ್ನಡದಲ್ಲಿ ಹೀಗೆ ಜನ ಸೇರಿ ಕಟ್ಟುವ ಯಾವುದೇ ತಾಣದ ಹಳಬರಲ್ಲಿ ನನ್ನದೊಂದು ಕೋರಿಕೆ. ಇಂಗ್ಲಿಷಿನ ಸಿದ್ಧ ಸಂದೇಶಗಳನ್ನು ಅನುವಾದಿಸುವುದನ್ನು ಬಿಟ್ಟು, ತೀರ ಸಾಮಾನ್ಯವಾದ ಐದಾರು ತಪ್ಪುಗಳಿಗಾದರೂ ಮೊದಲ ಹಂತದ ಸಂದೇಶಗಳನ್ನು ನಿಮ್ಮ ತಾಣದ ಅರಳಿಕಟ್ಟೆಯಂಥ ಪುಟದಲ್ಲಿ ಚರ್ಚಿಸಿ ಕನ್ನಡದಲ್ಲೇ ಹೊಸದಾಗಿ ಬರೆಯಿರಿ. ಆ ತಾಣ ಗೊತ್ತಿಲ್ಲದ ಒಬ್ಬರಿಂದ ಅವನ್ನು ಗಟ್ಟಿಯಾಗಿ ಓದಿಸಿ, ಅವರು ತಡವರಿಸಿದ ಕಡೆ ತಿದ್ದಿ. ಹೊಸದಾಗಿ ಬರೆಯುತ್ತಿರುವವರಿಗೂ ಒಂದು ಮಾತು: ಚರ್ಚೆಪುಟದಲ್ಲಿ ನಿಮಗೊಂದು ಸಂದೇಶ ಬಂದಿದೆ ಎಂದು ಕಂಡರೆ ತೆರೆದು ಪೂರ್ತಿ ಓದಿ, ಒಪ್ಪದಿದ್ದರೂ ಅದರ ಕೆಳಗೆ ಒಂದು ಸಾಲು ಉತ್ತರ ಬರೆಯಿರಿ.